ಹೂಳು ಗೋಡಾದ ಬೇಸಿಗೆ

1995ರಲ್ಲಿ ನಾನು ಪಾಂಡವಪುರದ ಕಡೆಯ ಒಂದು ಸಣ್ಣ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಸಹಾಯಕ ಕೃಷಿ ಅಧಿಕಾರಿಯಾಗಿದ್ದೆ. ಕೇಂದ್ರ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಎರಡು ಕೋಣೆ, ಒಂದು ಸೂಕ್ಷ್ಮ ತಕ್ಕಡಿ, ಗಾಜಿನ ಕೊಳವೆಗಳು, ಯಾವಾಗಲೂ ಸೋರುವ ಒಂದು ನಲ್ಲಿ. ರೈತರು ಹೊಲದ ಮಣ್ಣನ್ನು ಬಟ್ಟೆ ಚೀಲದಲ್ಲಿ ಕಟ್ಟಿ ತರುತ್ತಿದ್ದರು. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿದೆ, ಮಣ್ಣು ಹುಳಿಯೋ ಚೌಳೋ, ಆರ್ಗ್ಯಾನಿಕ್ ಕಾರ್ಬನ್, ಅಂದರೆ ಕೊಳೆತ ಸಸ್ಯದಿಂದ ಬರುವ ಕಸುವು ಎಷ್ಟು, ಇಷ್ಟನ್ನು ನಾವು ನೋಡಿ ಹೇಳುತ್ತಿದ್ದೆವು. ಅದಕ್ಕೆ ಜನ ನನಗೆ ಮಣ್ಣಿನ ಡಾಕ್ಟ್ರಮ್ಮ ಎಂದು ಹೆಸರಿಟ್ಟಿದ್ದರು. ಆ ಹೆಸರು ನನಗೆ ಇಷ್ಟವೇ ಆಗಿತ್ತು ಎಂದು ಹೇಳಲು ನಾಚಿಕೆಯೇನಿಲ್ಲ.

ಮುಂದಿನದು ತಿಳಿಯಬೇಕಾದರೆ ಎರಡು ಮಾತುಗಳ ವ್ಯತ್ಯಾಸ ತಿಳಿದಿರಬೇಕು. ಕೆರೆಯ ತಳದಲ್ಲಿ ಕೂತ ಮಣ್ಣಿಗೆ ನಮ್ಮ ಸೀಮೆಯಲ್ಲಿ ಎರಡು ಹೆಸರು. ಕೆರೆಯ ಲೆಕ್ಕದಲ್ಲಿ ಅದು ಹೂಳು. ಹೂಳು ಎಂದರೆ ಪೀಡೆ, ನೀರಿನ ಜಾಗ ತಿನ್ನುವಂಥದ್ದು, ತೆಗೆದು ಬಿಸಾಡಬೇಕಾದದ್ದು. ಅದೇ ಮಣ್ಣು ಗಾಡಿಯೇರಿ ಹೊಲದ ಕಡೆ ಹೊರಟಿತೆಂದರೆ ಅದಕ್ಕೆ ಗೋಡು ಎನ್ನುತ್ತಾರೆ. ಗೋಡು ಎಂದರೆ ಗೊಬ್ಬರಕ್ಕಿಂತ ಒಂದು ಕೈ ಮೇಲು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಹೊಡೆಯುವುದು ಹಿಂದಿನಿಂದ ನಡೆದುಬಂದ ಕೆಲಸ. ಯಾರ ಗಾಡಿ ಮೊದಲು ಎಂದು ಅಣ್ಣ ತಮ್ಮಂದಿರು ಮಾತು ಬಿಟ್ಟದ್ದೂ ಉಂಟು. ಹೂಳನ್ನು ಯಾರೂ ಕೇಳಿಕೊಂಡು ಬರುವುದಿಲ್ಲ, ಗೋಡನ್ನು ಯಾರೂ ಬೇಡ ಎನ್ನುವುದಿಲ್ಲ.

ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ನಡುವೆ ನಾಲೆಯ ಬಸಿನೀರು ಸೇರುವ ಒಂದು ಕೆರೆಯಿತ್ತು. ಅದರ ಹೆಸರು ಹೇಳುವುದಿಲ್ಲ, ಅದರ ಸುತ್ತ ಇಂದಿಗೂ ಜನ ಬದುಕುತ್ತಿದ್ದಾರೆ. ಕೆರೆಯ ಮೇಲ್ಗಡೆ ಒಂದು ಪ್ಲೇಟಿಂಗ್ ಕಾರ್ಖಾನೆ. ಕಬ್ಬಿಣದ ಬಿಡಿಭಾಗಗಳಿಗೆ ನಿಕಲ್ ಮತ್ತು ಕ್ರೋಮಿಯಂ ಲೇಪಿಸಿ ಮಿಂಚಿಸುವ ಕೆಲಸ ಅಲ್ಲಿ ನಡೆಯುತ್ತಿತ್ತು. ಅದ್ದಿ ತೆಗೆದ ತೊಟ್ಟಿಗಳ ನೀರು ಒಂದು ಮೋರಿಯಲ್ಲಿ ಇಳಿದು ವರ್ಷಗಟ್ಟಲೆ ಕೆರೆ ಸೇರಿತ್ತು. ನೀರು ಕೋಡಿಯಲ್ಲಿ ಹರಿದು ಹೋದರೂ ಈ ಲೋಹಗಳು ಹೋಗುವುದಿಲ್ಲ. ಅವು ಕೆಸರಿಗೆ ಅಂಟಿಕೊಂಡು ತಳದಲ್ಲೇ ಕೂರುತ್ತವೆ. ಇಂಥ ಕೆಸರಿಗೆ ನಮ್ಮ ಕಸುಬಿನ ಭಾಷೆಯಲ್ಲಿ ಸೆಡಿಮೆಂಟ್ ಎನ್ನುತ್ತೇವೆ.

ಆ ವರ್ಷ ಕೆರೆಯ ಹೂಳೆತ್ತುವ ಕೆಲಸ ಮಂಜೂರಾಯಿತು. ನಾಲೆಯ ಬಸಿನೀರಿನಿಂದಾಗಿ ಆ ಕೆರೆ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಆದ್ದರಿಂದ ನೀರಿನ ಮೇಲೆ ತೇಲುತ್ತ ತಳದ ಕೆಸರನ್ನು ಎಳೆದು ಎತ್ತುವ ಡ್ರೆಜರ್ ಎಂಬ ಯಂತ್ರ ತರಿಸಿದರು. ಸುತ್ತಲ ಜನಕ್ಕೆ ಅದೊಂದು ತಮಾಷೆ. ಮಕ್ಕಳು ಮರಿ ಕಟ್ಟಿಕೊಂಡು ಏರಿಯ ಮೇಲೆ ಕೂತು ನೋಡುತ್ತಿದ್ದರು. ಎತ್ತಿದ ಕೆಸರು ಕಾಡಿಗೆಯಂತೆ ಕಪ್ಪಗಿತ್ತು, ಒಣಗಿದ ಅಂಚಿನಲ್ಲಿ ಮಾತ್ರ ಹಸಿರು ಹಳದಿಯ ಒಂದು ಪೊರೆ ಏಳುತ್ತಿತ್ತು. ಟಿಪ್ಪರ್ ಲಾರಿಗಳು ಅದನ್ನು ತುಂಬಿಕೊಂಡು ಹೋಗಿ ಶ್ರೀರಂಗಪಟ್ಟಣದ ಬಳಿ, ಹೊಳೆಯ ದಂಡೆಯ ಒಂದು ತಗ್ಗಿನಲ್ಲಿ ಸುರಿಯತೊಡಗಿದವು. ಅರ್ಧ ದಂಡೆಗೆ ಬೀಳುತ್ತಿತ್ತು, ಅರ್ಧ ನೇರ ಕಾವೇರಿಗೆ.

ಮೊದಲು ಗೊತ್ತಾದದ್ದು ಮೀನು ಹಿಡಿಯುವವರಿಗೆ. ಪುಟ್ಟಸ್ವಾಮಿ ಎಂಬಾತ ಅಲ್ಲಿ ಹರಿಗೋಲು ಹಾಕಿ ಬಲೆ ಬೀಸುವವನು. ಸುಮಾರು ನಲವತ್ತರ ಆಳು, ಮಾತು ಒರಟು, ಮನಸ್ಸು ಮೆತ್ತಗೆ. ಸತ್ತ ಮೀನುಗಳನ್ನು ಮಂಕರಿಯಲ್ಲಿ ತುಂಬಿಕೊಂಡು ಹೋಗಿ ಕೆರೆ ಕೆಲಸದ ಇಂಜಿನಿಯರ್ ಕಚೇರಿಯ ಮೆಟ್ಟಿಲ ಮೇಲೆ ಸುರಿದ. ಆಮೇಲೆ ಬಟ್ಟೆ ಒಗೆಯುವವರು ಬಂದರು, ಹೊಳೆಯಲ್ಲಿ ಅಪರಕರ್ಮ ಮಾಡಿಸುವ ಪುರೋಹಿತರು ಬಂದರು, ಹೊಳೆ ನೀರು ಕುಡಿಯುವ ಪೇಟೆಯವರೆಲ್ಲ ಬಂದರು. ಬೇರೆ ದಿನಗಳಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಅಂದು ಒಂದೇ ಶಾಮಿಯಾನದ ಕೆಳಗೆ ಕೂತಿದ್ದರು. ಟಿಪ್ಪರ್‌ಗಳಿಗೆ ದಾರಿ ಕಟ್ಟಿದರು.

ನಾನು ಈ ಪ್ರಕರಣಕ್ಕೆ ಬಂದದ್ದು ಹಾಗೆ. ತಹಶೀಲ್ದಾರರು ಆ ಶಾಮಿಯಾನದಲ್ಲೇ ಒಂದು ಸಭೆ ಕರೆದು, ಮಣ್ಣಿನವರು ಒಬ್ಬರಿರಲಿ ಎಂದು ನನ್ನನ್ನೂ ಕರೆಸಿದರು. ಸಭೆಗೆ ಮೊದಲೇ ನಾನು ದಂಡೆಯ ಕೆಸರನ್ನು ಒಂದು ಡಬ್ಬಿಯಲ್ಲಿ ತುಂಬಿ, ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಗೆಳತಿಗೆ ಕೊಟ್ಟಿದ್ದೆ. ಲೋಹ ಪತ್ತೆ ಮಾಡುವ ಉಪಕರಣ ಅವಳ ಬಳಿ ಇತ್ತು. ಕ್ರೋಮಿಯಂ, ನಿಕಲ್ ಎರಡೂ ಇರಬಾರದಷ್ಟು ಇವೆ ಎಂದು ಅವಳು ಹೇಳಿದ್ದಳು.

ಸಭೆಯಲ್ಲಿ ಇಂಜಿನಿಯರ್ ಸಾಹೇಬರು ತುಂಬ ಶಾಂತವಾಗಿ ಮಾತಾಡಿದರು. ಅವರು ಕೆಟ್ಟ ಮನುಷ್ಯರಂತೆ ಕಾಣುತ್ತಿರಲಿಲ್ಲ, ಅದೇ ನನಗೆ ಇಂದಿಗೂ ಸಿಟ್ಟು ತರಿಸುವ ಸಂಗತಿ. ನಗುನಗುತ್ತ ಹೇಳಿದರು: "ನೋಡಿ, ಇನ್ನೇನು ಮಳೆ ಬರುತ್ತೆ. ಅಣೆಕಟ್ಟಿನಿಂದ ನೀರು ಬಿಟ್ಟರೆ ಎಲ್ಲ ತೊಳೆದುಕೊಂಡು ಹೋಗುತ್ತೆ. ಕಾವೇರಿ ಕೊನೆಗೆ ಸೇರೋದು ಸಮುದ್ರಕ್ಕೆ ತಾನೆ? ಸಮುದ್ರ ಎಂಥೆಂಥದ್ದನ್ನೋ ನುಂಗಿದೆ. ಇದ್ಯಾವ ಲೆಕ್ಕ."

ಪುಟ್ಟಸ್ವಾಮಿ ಎದ್ದು ನಿಂತ. "ಸಮುದ್ರುಕ್ಕೆ ಓಗೋ ದಾರೀಲಿ ನಮ್ ಬಾಯಿ ಅದಲ್ಲಾ ಸ್ವಾಮಿ. ಮೊದ್ಲು ನಮ್ ಬಾಯಿಗ್ ಬಂದು ಆಮೇಕ್ ತಾನೆ ಅದು ಸಮುದ್ರುಕ್ಕೋಗದು?"

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಆಮೇಲೆ ನಾನು ಎದ್ದು ಲೋಹಗಳ ವಿಷಯ ಹೇಳಿದೆ. ಇವು ಕೊಳೆಯುವುದಿಲ್ಲ, ಕರಗಿ ಕಾಣೆಯಾಗುವುದಿಲ್ಲ, ಮೀನಿಗೆ ಸೇರಿ ಮೀನಿನಿಂದ ಮನುಷ್ಯರಿಗೆ ಬರುತ್ತವೆ, ಸಮುದ್ರಕ್ಕೆ ಹೋದರೆ ಅಲ್ಲಿನ ಬೆಸ್ತರ ಬಲೆಗೆ ಬೀಳುತ್ತವೆ ಎಂದೆ. ತಹಶೀಲ್ದಾರರು ಅಲ್ಲೇ, ಜನರ ಮುಂದೆಯೇ, ಹೊಳೆಗೆ ಸುರಿಯುವುದನ್ನು ನಿಲ್ಲಿಸಿದರು. ಪುಟ್ಟಸ್ವಾಮಿಯ ಹೆಂಡತಿ ನನ್ನ ತಲೆಗೆ ಒಂದು ಮೊಳ ಕನಕಾಂಬರ ಮುಡಿಸಿದಳು. ಅಂದು ಬೆಳಗೊಳದ ನಮ್ಮ ಮನೆಗೆ ಹೋಗಿ ಗಂಡನಿಗೆ, ಅತ್ತೆಗೆ, ಪಕ್ಕದ ಮನೆಯವರಿಗೆ ಎಲ್ಲರಿಗೂ ಈ ಕತೆ ಹೇಳಿದೆ. ನೌಕರಿಗೆ ಸೇರಿದ್ದು ಸಾರ್ಥಕವಾಯಿತು ಎಂದುಕೊಂಡೆ.

ಸುರಿಯುವುದು ನಿಂತಿತೇ ಹೊರತು ಸುರಿದದ್ದು ಹೋಗಲಿಲ್ಲ. ದಂಡೆಯ ಮೇಲೆ ಗುಡ್ಡೆ ಹಾಗೆಯೇ ಇತ್ತು. ಕೆರೆಯ ಪಕ್ಕದಲ್ಲೂ ಎತ್ತಿ ಹಾಕಿದ್ದು ಇನ್ನೊಂದು ಗುಡ್ಡೆಯಾಗಿತ್ತು. ಮಳೆ ಹಿಡಿಯುವುದರೊಳಗೆ ಇವನ್ನು ಎಲ್ಲಿಗಾದರೂ ಸಾಗಿಸಬೇಕಿತ್ತು. ಕೆಸರನ್ನು ಬಂದ ಕಡೆಗೇ ಕಳಿಸಿ, ಕಾರ್ಖಾನೆಯ ಆವರಣದಲ್ಲಿ ಜೇಡಿಮಣ್ಣಿನಿಂದ ಬಿಗಿಮಾಡಿದ ಗುಂಡಿ ತೋಡಿ ಮುಚ್ಚಿಸಿ ಎಂದು ಕಚೇರಿಯಲ್ಲಿ ನಡೆದ ಇನ್ನೊಂದು ಸಭೆಯಲ್ಲಿ ನಾನು ಹೇಳಿದೆ. ಕಾರ್ಖಾನೆಯ ಹೆಸರು ಬಂದ ಕೂಡಲೇ ಕೋಣೆಯಲ್ಲಿದ್ದವರೆಲ್ಲ ಕಾಫಿ ಲೋಟದ ಕಡೆ ನೋಡತೊಡಗಿದರು. ಕೆರೆ ಸುತ್ತಲಿನ ಹಳ್ಳಿಯವರನ್ನು ಕೇಳಿದರೆ ಅವರು ಕೈ ಮುಗಿದು ಬೇಡ ಎಂದರು. ಆ ಮೋರಿಯ ನೀರು ಕುಡಿದ ಎಮ್ಮೆಗಳ ಗತಿ ಅವರಿಗೆ ಗೊತ್ತಿತ್ತು.

ಆಗ ಇಂಜಿನಿಯರ್ ಸಾಹೇಬರಿಗೆ ಒಂದು ಮಾತು ಹೊಳೆಯಿತು. ಬರೀ ಒಂದು ಮಾತು. ಆ ಸಭೆಯಲ್ಲಿ ನಾನೂ ಇದ್ದೆ. ಅವರು ಕುರ್ಚಿಗೆ ಒರಗಿಕೊಂಡು ಹೇಳಿದರು: "ನಾವು ಇದನ್ನ ಹೂಳು ಹೂಳು ಅಂತ ಹೇಳೋದಕ್ಕೇ ಜನ ಬೇಡ ಅಂತಿರೋದು. ಗೋಡು ಅನ್ನಿ. ಕೆ.ಆರ್. ಪೇಟೆ, ನಾಗಮಂಗಲದ ಕಡೆ ಗೋಡು ಅಂದ್ರೆ ಕಣ್ಣಿಗೆ ಒತ್ಕೋತಾರೆ."

ತಮಾಷೆಗೆ ಅಂದರೆಂದು ನಾನು ನಕ್ಕೆ. ವಾರ ಕಳೆಯುವುದರೊಳಗೆ ಆಟೋಗೆ ಮೈಕು ಕಟ್ಟಿಕೊಂಡು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ ಕಡೆಯ ಹಳ್ಳಿಗಳಲ್ಲಿ ಸಾರುತ್ತಿದ್ದರು. ಕಾವೇರಿ ಬಯಲಿನ ಕೆರೆ ಗೋಡು, ಸರ್ಕಾರದಿಂದ ಪುಕ್ಕಟೆ, ಹೊಲದ ಬದುವಿಗೇ ತಂದು ಹಾಕಲಾಗುವುದು, ಮಣ್ಣು ಪರೀಕ್ಷೆಯಲ್ಲಿ ಉತ್ತಮ ಎಂದು ಸಾಬೀತಾಗಿದೆ ಎಂದು.

ಮಣ್ಣು ಪರೀಕ್ಷೆ ಎಂದದ್ದು ನಮ್ಮ ಕೇಂದ್ರದ್ದೇ. ನಾನು ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದ ದಿನಗಳಲ್ಲಿ ಇಂಜಿನಿಯರ್ ಕಚೇರಿಯಿಂದ ಒಂದು ಚೀಲ ಬಂದಿತ್ತು. ಚೀಲದ ಮೇಲೆ ಕೆರೆ ಗೋಡು ಎಂದಷ್ಟೇ ಇತ್ತು. ನನ್ನ ಸಹೋದ್ಯೋಗಿ ಎಲ್ಲ ಮಣ್ಣಿಗೂ ಮಾಡುವ ಪರೀಕ್ಷೆಯನ್ನು ಅದಕ್ಕೂ ಮಾಡಿದರು. ಕೊಳೆತ ಪಾಚಿ, ಜೊಂಡು ತುಂಬಿದ ಕೆಸರು, ಕಾರ್ಬನ್ ಧಾರಾಳವಾಗಿಯೇ ಇತ್ತು. ಉತ್ತಮ ಎಂದು ಹೇಳಿ ಕಳಿಸಿದರು. ಅವರದೇನೂ ತಪ್ಪಿಲ್ಲ. ಎಳ್ಳುಂಡೆಯಲ್ಲಿ ವಿಷ ಹಾಕಿದ್ದರೂ ಎಳ್ಳು ಎಷ್ಟಿದೆ, ಬೆಲ್ಲ ಎಷ್ಟಿದೆ ಎಂದು ನೋಡುವ ಪರೀಕ್ಷೆ ಅದು.

ನಾನು ಇಂಜಿನಿಯರ್ ಸಾಹೇಬರ ಕೋಣೆಗೆ ನುಗ್ಗಿದೆ. "ಸರ್, ನಮ್ಮ ಕೇಂದ್ರದಲ್ಲಿ ಲೋಹದ ಪರೀಕ್ಷೆಯೇ ಇಲ್ಲ. ಯಾವ ಧೈರ್ಯದ ಮೇಲೆ ಉತ್ತಮ ಅಂತ ಸಾರಿಸ್ತಿದ್ದೀರಿ?"

"ಅಂದ್ರೆ ನಿಮ್ಮ ಪರೀಕ್ಷೆಯಲ್ಲಿ ಲೋಹ ಇಲ್ಲ ಅಂತ ತಾನೆ ಆಯ್ತು?" ಎಂದರು.

"ಪರೀಕ್ಷೆ ಇಲ್ಲ ಸರ್. ಲೋಹ ಇದೆ."

"ಇಲ್ಲ ಅಂದ್ರೆ ಇಲ್ಲ ಮೇಡಂ," ಎಂದು ನಕ್ಕು ಫೋನ್ ಎತ್ತಿಕೊಂಡರು. ನಾನು ನಿಂತೇ ಇದ್ದೆ. ಫೋನಿನಲ್ಲಿ ಅವರು ಮಗಳ ನಾಮಕರಣಕ್ಕೋ ಏನಕ್ಕೋ ಅಡುಗೆಯವರನ್ನು ಗೊತ್ತುಮಾಡುತ್ತಿದ್ದರು.

ನನಗೆ ತಿಳಿದಿದ್ದ ಇನ್ನೊಂದು ದಾರಿ ಪುಟ್ಟಸ್ವಾಮಿ. ಕಚೇರಿಯನ್ನು ಬಗ್ಗಿಸಿದ ಜನ ಅವರು. ಅವರಲ್ಲಿ ಒಂದು ಹತ್ತು ಮಂದಿ ನನ್ನೊಡನೆ ಕಿಕ್ಕೇರಿಗೆ ಬಂದು, ಇದು ನಮ್ಮ ಮೀನು ಕೊಂದ ಕೆಸರು ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಹೊಳೆ ದಂಡೆಗೆ ಹೋದೆ. ಗುಡ್ಡೆಗೆ ಆಗಲೇ ಲಾರಿಗಳು ಹತ್ತಿದ್ದವು. ಪುಟ್ಟಸ್ವಾಮಿ ಬಲೆಯ ಹರಿದ ಕಣ್ಣುಗಳನ್ನು ಹೊಲಿಯುತ್ತ ಕೂತಿದ್ದ. ಎಲ್ಲವನ್ನೂ ಹೇಳಿದೆ. ಅವನು ತಲೆ ಎತ್ತಲಿಲ್ಲ.

"ಏನ್ ಮಾಡಾನ ಕಣವ್ವ. ನಾವ್ ಈಗ ಮತ್ತೆ ವಿಸ ಅಂತ ಗಲಾಟೆ ಎಬ್ಬುಸುದ್ರೆ ಲಾರಿ ನಿಂತೋಯ್ತವೆ. ಲಾರಿ ನಿಂತ್ರೆ ಈ ಗುಡ್ಡೆ ನಮ್ ತಲೆಮ್ಯಾಲೇ ಉಳ್ಕತದೆ. ಮಳೆ ಬಂದ್ರೆ ಮತ್ತೆ ಒಳೆಗೇ."

"ಅವರೂ ನಿಮ್ಮ ಹಾಗೇ ಜನ ಅಲ್ವೇನಪ್ಪ?"

"ಜನವೇ. ಇಲ್ಲ ಅಂದೋರ್ಯಾರು. ಅವುರ್ದ ಅವ್ರು ನೋಡ್ಕಬೇಕು. ನಮ್ದ ನಾವ್ ನೋಡ್ಕಂಡ್ವಿ." ಬಲೆಯ ಮುಂದಿನ ಕಣ್ಣಿಗೆ ದಾರ ಎಳೆಯುತ್ತ, "ಕಾಪಿ ಕುಡ್ಕಂಡೋಗಿ," ಎಂದ.

ನಾನು ಕುಡಿಯಲಿಲ್ಲ. ಅವನ ಮೇಲೆ ಕೆಂಡದಂಥ ಕೋಪ ಬಂದಿತ್ತು. ಬಸ್ಸಿನಲ್ಲಿ ಕೂತು ಯೋಚಿಸಿದಾಗ, ಅವನು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ ಎಂದು ಹೊಳೆದು ಇನ್ನಷ್ಟು ಕಹಿಯಾಯಿತು. ಗುಡ್ಡೆ ಎಲ್ಲಾದರೂ ಇರಲೇಬೇಕು, ತನ್ನ ಮನೆ ಮುಂದೆ ಇರುವುದು ಬೇಡ ಎಂದು ಅವನು ಕೇಳಿದ್ದ. ನಾನು ಅದನ್ನು ಕಾವೇರಿಯ ಹೋರಾಟ ಎಂದು ತಿಳಿದಿದ್ದೆ.

ಕಿಕ್ಕೇರಿ ಹೋಬಳಿಯ ಆ ಹಳ್ಳಿಗೆ ನಾನು ಒಬ್ಬಳೇ ಹೋದೆ. ಗೋವಿಂದನಹಳ್ಳಿಯ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕು. ಹೇಮಾವತಿ ನಾಲೆಯ ನೀರು ತಗ್ಗಿನ ಗದ್ದೆಗಳಿಗೆ ಬಂದಿತ್ತು, ದಿಣ್ಣೆಯ ಮೇಲಿನ ಹೊಲಗಳಿಗೆ ಹತ್ತುತ್ತಿರಲಿಲ್ಲ. ಆ ಹೊಲಗಳ ಬದುವಿನಲ್ಲಿ ಸಾಲಾಗಿ ಕಪ್ಪು ಗುಡ್ಡೆಗಳು ಬಿದ್ದಿದ್ದವು. ಮೊದಲು ಸಿಕ್ಕಿದ ಹೊಲ ಕೆಂಪಮ್ಮನವರದು.

ಅವರಿಗೆ ಐವತ್ತರ ಆಸುಪಾಸು. ಗಂಡ ಬೇರೆ ಸಂಸಾರ ಕಟ್ಟಿಕೊಂಡು ಹೋದ ಮೇಲೆ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದರು. ಅಣ್ಣಂದಿರು ಪಾಲಿನಲ್ಲಿ ಒಂದು ಎಕರೆ ಕೊಟ್ಟಿದ್ದರು. ಕೊಟ್ಟದ್ದು ದಿಣ್ಣೆಯ ನೆತ್ತಿಯ ಕಲ್ಲು ಹೊಲ. ಅದರ ಕಲ್ಲನ್ನು ಆಯ್ದು ಆಯ್ದು ಕೆಂಪಮ್ಮ ಸುತ್ತ ಎದೆಮಟ್ಟದ ಗೋಡೆ ಇಟ್ಟಿದ್ದರು. ಡೈರಿಗೆ ಹಾಕುವ ಹಾಲು, ಆ ಹೊಲದ ರಾಗಿ, ಅಂಚಿನ ಅವರೆ, ಇಷ್ಟೇ ಅವರ ಬದುಕು. ಆ ಊರಿನಲ್ಲಿ ಗೋಡು ಹಾಕಿಸಿಕೊಂಡ ಮಿಕ್ಕವರಿಗೆ ಇನ್ನೊಂದು ಕಡೆ ಗದ್ದೆಯೋ ತೋಟವೋ ಇತ್ತು. ಕೆಂಪಮ್ಮನವರಿಗೆ ಇದ್ದದ್ದು ಅದೊಂದೇ.

ನಾನು ಹೋದಾಗ ಅವರು ಗುಡ್ಡೆಯಿಂದ ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡುತ್ತಿದ್ದರು. ಗೋಡು ನೋಡುವುದು ಹೀಗೆಯೇ. ಮರಳು ತಾಕಬಾರದು, ಬೆರಳಿಗೆ ಜಾರಬೇಕು, ಬಣ್ಣ ಕಪ್ಪಗಿರಬೇಕು. ಈ ಮೂರರಲ್ಲೂ ಅದಕ್ಕೆ ನೂರಕ್ಕೆ ನೂರು.

"ನೋಡಿ ಮೇಡಮ್ಮೋರೆ, ಬೆಣ್ಣೆ ಅಂಗದೆ," ಎಂದು ನನ್ನ ಅಂಗೈಗೂ ಹಾಕಿದರು. "ನಮ್ಮಪ್ಪನ್ ಕಾಲದಾಗೂ ಇಂತಾ ಗೋಡ ಕಂಡಿಲ್ಲ."

ಇದು ಗೋಡಲ್ಲ, ವಿಷ ಬೆರೆತಿದೆ, ಹರಡಬೇಡಿ ಎಂದೆ. ಮಾತು ಕೇಳಿ ಅಕ್ಕಪಕ್ಕದ ಹೊಲದವರೂ ಬಂದು ಸೇರಿದರು. ಕಾರ್ಖಾನೆ, ಮೋರಿ, ಸತ್ತ ಮೀನು ಎಲ್ಲ ಹೇಳಿದೆ. ಕೆಂಪಮ್ಮ ಗಮನವಿಟ್ಟು ಕೇಳಿದರು. ಆಮೇಲೆ ಕೇಳಿದರು: "ಗೋಡು ಎಲ್ಲಾರ ವಿಸ ಆದದಾ ಮೇಡಮ್ಮೋರೆ? ಅನ್ನ ವಿಸ ಅಂದಂಗಾಯ್ತು."

ಹೂಳಿನಲ್ಲಿ ವಿಷ ಇದೆ ಎಂದಿದ್ದರೆ ಅವರು ಒಂದೇ ಮಾತಿಗೆ ನಂಬುತ್ತಿದ್ದರು. ಗೋಡಿನಲ್ಲಿ ಎಂದರೆ ಆ ಮಾತು ಅವರ ಕಿವಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅಷ್ಟರಲ್ಲಿ ಅಲ್ಲಿದ್ದ ಒಬ್ಬ ಯಜಮಾನರು, ತಲೆಗೆ ಟವೆಲ್ ಸುತ್ತಿದ್ದವರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು:

"ತಮ್ದು ಯಾವೂರಾಯ್ತವ್ವ?"

"ಬೆಳಗೊಳ," ಎಂದೆ.

ಅವರು ಸುತ್ತ ನಿಂತವರ ಕಡೆ ತಿರುಗಿದರು. "ಕೇಳುದ್ರಲಾ? ಕಟ್ಟೆ ಬುಡ್ದೋರು. ನೀರೂ ಅವರ್ಗೇ ಬೇಕು, ಈಗ ಗೋಡೂ ಅವರ್ಗೇ ಬೇಕು."

ಎಲ್ಲರೂ ನಕ್ಕರು. ಅಣೆಕಟ್ಟಿನ ಬುಡದ ಊರವಳು ನಾನು, ನಮ್ಮ ಕಡೆ ಬತ್ತ ಕಬ್ಬು ಬೆಳೆಯುವಾಗ ಇವರು ಮೋಡ ನೋಡುತ್ತ ಕೂತವರು. ಎಷ್ಟೋ ಕಾಲದಿಂದ ಮನಸ್ಸಿನಲ್ಲಿದ್ದ ಆ ಉರಿಯೆಲ್ಲ ಅಂದು ನನ್ನ ಮೇಲೆ ತಿರುಗಿತು. ನಾಲೆ ಬಯಲಿನವರ ಪಾಲಾಗಬೇಕಿದ್ದ ಒಳ್ಳೆಯ ಗೋಡು ಒಂದು ಸಲ ಹೇಗೋ ತಮ್ಮ ಕಡೆ ಬಂದಿದೆ, ಅದನ್ನೂ ತಪ್ಪಿಸಲು ಈ ಹೆಂಗಸು ಸೀರೆ ಉಟ್ಟು ಬಸ್ಸು ಹತ್ತಿ ಬಂದಿದ್ದಾಳೆ ಎಂದು ಅವರು ತೀರ್ಮಾನಿಸಿದರು. ಅಷ್ಟು ಒಳ್ಳೆಯ ಗೋಡಾದರೆ ಕೆರೆ ಪಕ್ಕದ ಹೊಲದವರು ಬಿಟ್ಟುಕೊಡುತ್ತಿದ್ದರೇ, ಸರ್ಕಾರ ಇಷ್ಟು ದೂರ ಪುಕ್ಕಟೆ ಹೊತ್ತು ತರುತ್ತಿತ್ತೇ ಎಂದು ನಾನು ಕೇಳಿದೆ.

"ಅವರ್ಗ್ ಕೊಬ್ಬು. ಮೂಟೆ ಗೊಬ್ರ ಆಕ್ತರೆ, ಗೋಡ್ ಹೊರೋ ಮೈ ಎಲ್ಲದೆ?" ಎಂದರು ಯಜಮಾನರು.

ನಮ್ಮ ಕಡೆಯವರ ಬಗ್ಗೆ ಅವರು ಹೇಳಿದ್ದು ಬಹುಮಟ್ಟಿಗೆ ನಿಜವೇ ಆಗಿತ್ತು. ಹೊರಡುವಾಗ ಕೆಂಪಮ್ಮ ಮಾತ್ರ ರಸ್ತೆಯವರೆಗೆ ಬಂದರು. ಅವರಿಗೆ ನನ್ನನ್ನು ನೋಯಿಸಿ ಕಳಿಸಲು ಇಷ್ಟವಿರಲಿಲ್ಲ. "ಬೇಜಾರ್ ಮಾಡ್ಕಬ್ಯಾಡಿ. ನಮ್ ಒಲಕ್ಕೆ ಯಾರೂ ಏನೂ ಆಕಿದ್ದಿಲ್ಲ ಇವತ್ಗಂಟ. ಇದೇ ಮೊದ್ಲು," ಎಂದರು.

ನಾನು ಜಿಲ್ಲಾ ಕಚೇರಿಗೆ ಹೋದೆ, ನಮ್ಮ ಇಲಾಖೆಯ ಮೇಲಿನವರನ್ನು ಕಂಡೆ. ಒಬ್ಬರು ಕೂರಿಸಿ ಬುದ್ಧಿ ಹೇಳಿದರು, ಒಬ್ಬರು ಕೂರಿಸಲಿಲ್ಲ. ಹೊಳೆ ಉಳಿಸಿದ ಸುದ್ದಿ ಬರೆದಿದ್ದ ಪತ್ರಿಕೆಯವರು ಈಗ ಹೊಲಕ್ಕೆ ಗೋಡು ಎಂಬ ಸುದ್ದಿಯನ್ನು ಅಷ್ಟೇ ಸಂತೋಷದಿಂದ ಬರೆದಿದ್ದರು. ಮುಂಗಾರು ಶುರುವಾಗುವ ಹೊತ್ತಿಗೆ ನನ್ನನ್ನು ಸಾರ್ವಜನಿಕ ಹಿತದೃಷ್ಟಿಯಿಂದ ನಾಗಮಂಗಲಕ್ಕೆ ವರ್ಗ ಮಾಡಿದರು. ಆ ಸಾರ್ವಜನಿಕರು ಯಾರು ಎಂದು ನಾನು ಕೇಳಲಿಲ್ಲ. ಗಂಟುಮೂಟೆ ಕಟ್ಟಿದೆ.

ಆ ವರ್ಷ ಮಳೆ ಚೆನ್ನಾಯಿತು. ರಾಗಿ ಗೇಣುದ್ದ ಬರುವವರೆಗೆ ನಾನು ಕಾದು ಮತ್ತೆ ಆ ಹಳ್ಳಿಗೆ ಹೋದೆ. ನಾನು ಹೇಳಿದ್ದು ಸುಳ್ಳಾಗಿರಲಿ ಎಂದು ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡೆ. ನಗೆಪಾಟಲಾದರೂ ಪರವಾಗಿರಲಿಲ್ಲ. ದೂರದಿಂದಲೇ ಗೊತ್ತಾಯಿತು. ಗೋಡು ಹಾಕದ ಹೊಲಗಳು ಹಸಿರಾಗಿದ್ದವು. ಹಾಕಿದ ಹೊಲಗಳಲ್ಲಿ ಪೈರು ಹುಟ್ಟಿ, ಒಂದಿಷ್ಟು ಬೆಳೆದು, ಅಲ್ಲೇ ನಿಂತುಬಿಟ್ಟಿತ್ತು. ಗರಿಗಳ ಮೇಲೆ ಉದ್ದಕ್ಕೂ ಬಿಳಿಚಿದ ಪಟ್ಟೆಗಳಿದ್ದವು. ನಿಕಲ್ ಹೆಚ್ಚಾದಾಗ ಏಕದಳ ಪೈರಿನಲ್ಲಿ ಹೀಗಾಗುತ್ತದೆ ಎಂದು ಓದಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು. ಒಂದು ಬುಡ ಕಿತ್ತು ನೋಡಿದೆ. ಬೇರು ಮೊಂಡಾಗಿ ಕಂದಿಹೋಗಿತ್ತು.

ಕೆಂಪಮ್ಮ ಜಗುಲಿಯ ಮೇಲೆ ಹುಲ್ಲು ಬಿಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಕೂರಲು ಮಣೆ ಹಾಕಿದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

"ಏಳಿದ್ರಿ ನೀವು," ಎಂದರು. "ನಾನೇ ಕೇಳ್ನಿಲ್ಲ."

"ಮೈಕಿನಲ್ಲಿ ಗೋಡು ಅಂತ ಸಾರಿದ್ದರಲ್ಲಮ್ಮ. ನೀವು ಹೇಗೆ ಕೇಳುತ್ತೀರಿ."

"ಉತ್ಬುಟ್ಟಿದೀನಿ ಕಣವ್ವ. ಎರಡ್ ಸಾಲು ಉತ್ತು ಮಣ್ಗೆ ಸೇರುಸ್ಬುಟ್ಟಿದೀನಿ. ಈಗ ತೆಗಿಯಾದೆಂಗೆ?"

ಅದಕ್ಕೆ ಔಷಧಿ ಇಲ್ಲ ಎಂದು ಹೇಳಬೇಕಾಯಿತು. ಸುಣ್ಣ ಹಾಕಿದರೆ ನಿಕಲ್ ಸ್ವಲ್ಪ ಹಿಡಿತಕ್ಕೆ ಬರುತ್ತದೆ, ಆದರೆ ಹೋಗುವುದಿಲ್ಲ. ಬೆಳೆದದ್ದನ್ನು ತಿನ್ನುವುದು ಬೇಡ, ದನಕ್ಕೆ ಹುಲ್ಲು ಹಾಕುವುದೂ ಬೇಡ. ಗಟ್ಟಿ ಉಪಾಯ ಎಂದರೆ ಬೆರೆತಷ್ಟು ಮೇಲ್ಮಣ್ಣನ್ನು ಕೆರೆದು ತೆಗೆಯುವುದು ಒಂದೇ. ಹಾಗೆ ತೆಗೆದರೆ ಅವರು ಇಷ್ಟು ವರ್ಷ ಕಲ್ಲು ಆಯ್ದು ಮಾಡಿದ ಮಣ್ಣೂ ಅದರ ಜೊತೆಗೇ ಹೋಗುತ್ತಿತ್ತು. ಕೆಳಗೆ ಉಳಿಯುವುದು ಬರೀ ಗೊರಜು ಕಲ್ಲು.

ಪರಿಹಾರಕ್ಕೆಂದು ಊರಿನವರು ತಾಲ್ಲೂಕು ಕಚೇರಿಗೆ ಹೋದರು, ನಾನೂ ಜೊತೆಗೆ ಹೋದೆ. ಇದು ಬರವೂ ಅಲ್ಲ, ನೆರೆಯೂ ಅಲ್ಲ, ಆನೆ ತುಳಿದದ್ದೂ ಅಲ್ಲ, ಯಾವ ಬಾಬ್ತಿನಲ್ಲಿ ಕೊಡೋಣ ಎಂದು ಅಲ್ಲಿನವರು ಕೇಳಿದರು. ಗೋಡು ತಾವೇ ಕೇಳಿ ಹಾಕಿಸಿಕೊಂಡದ್ದು ಎಂದೂ ಸೇರಿಸಿದರು. ಟವೆಲಿನ ಯಜಮಾನರು ನನ್ನ ಮುಖ ನೋಡದೆ ಹೊರಗೆ ಹೋಗಿ ಬೀಡಿ ಹಚ್ಚಿದರು. ಇಂಜಿನಿಯರ್ ಸಾಹೇಬರಿಗೆ ಅಷ್ಟರಲ್ಲಿ ಬಡ್ತಿ ಆಗಿತ್ತು. ಕೆರೆಯಲ್ಲಿ ಹೊಸ ನೀರು ತುಂಬಿತ್ತು, ಹೂಳೆತ್ತಿದ ಕೆಲಸದ ವಿವರ ಕೆತ್ತಿದ ಕಲ್ಲು ಏರಿಯ ಮೇಲೆ ನಿಂತಿತ್ತು. ಕಾರ್ಖಾನೆಯ ಮೋರಿ ಮೊದಲಿನಂತೆ ಹರಿಯುತ್ತಿತ್ತು.

ಗದ್ದೆ ತೋಟ ಇದ್ದವರು ಆ ದಿಣ್ಣೆ ಹೊಲಗಳನ್ನು ಬೀಳು ಬಿಟ್ಟು ಮರೆತರು. ಕೆಂಪಮ್ಮನವರಿಗೆ ಮರೆಯುವ ಅನುಕೂಲ ಇರಲಿಲ್ಲ. ಆ ಚಳಿಗಾಲದಲ್ಲಿ ಅವರೂ ಮಗಳೂ ಸೇರಿ ಗುದ್ದಲಿ, ಮಂಕರಿ ಹಿಡಿದು ಹೊಲದ ಮೇಲ್ಮಣ್ಣು ಕೆರೆಯತೊಡಗಿದರು. ನಾಗಮಂಗಲದಿಂದ ಬಿಡುವಾದಾಗಲೆಲ್ಲ ಹೋಗಿ ನೋಡುತ್ತಿದ್ದೆ. ಎಷ್ಟು ಆಳ ಎಂದು ತೋರಿಸುವುದು ಬಿಟ್ಟರೆ ಬೇರೆ ಸಹಾಯ ನನ್ನಿಂದಾಗಲಿಲ್ಲ. ನಾನೂ ಮಂಕರಿ ಹೊರಲು ಹೋದರೆ, "ನೀವು ಸುಮ್ನೆ ಕುಂತ್ಕಳಿ, ನಮ್ ಕೈ ಅಡ್ಡ ಬರಬ್ಯಾಡಿ," ಎಂದು ಗದರಿದರು.

ಒಂದು ದಿನ ಕೆರೆದ ಮಣ್ಣಿನ ರಾಶಿಯ ಮುಂದೆ ನಿಂತು ಕೇಳಿದರು: "ಇದ ಎಲ್ಲಿಗ್ ಆಕನ ಮೇಡಮ್ಮೋರೆ?"

ಸರ್ಕಾರ ಓದಿಸಿದವಳು, ಸಂಬಳ ತೆಗೆದುಕೊಳ್ಳುವವಳು, ನನಗೆ ಉತ್ತರ ಗೊತ್ತಿರಲಿಲ್ಲ. ಹಳ್ಳಕ್ಕೆ ಹಾಕಿದರೆ ಕೆಳಗಿನ ಊರಿನ ಬಾವಿಗೆ ಹೋಗುತ್ತದೆ. ಗುಂಡುತೋಪಿಗೆ ಹಾಕಿದರೆ ಅಲ್ಲಿ ಆಡು ಕುರಿ ಮೇಯುತ್ತವೆ. ಪಕ್ಕದ ಬೀಳು ಹೊಲದಲ್ಲಿ ಕೇಳುವವರು ಯಾರೂ ಇಲ್ಲ, ಅಲ್ಲಿ ಸುರಿದುಬಿಡು ಎಂದು ಅವರ ಅಣ್ಣಂದಿರೇ ಹೇಳಿದರು. ಕೆಂಪಮ್ಮ ಒಪ್ಪಲಿಲ್ಲ. ತಮ್ಮ ಒಂದೆಕರೆಯಲ್ಲೇ ಒಂದು ಮೂಲೆ ಗುರುತು ಮಾಡಿ ಅಲ್ಲಿಗೆ ಹೊತ್ತು ಹಾಕಿದರು. ಕಲ್ಲು ಗೋಡೆಯನ್ನು ಒಂದು ಕಡೆ ಬಿಚ್ಚಿ ಆ ಕಲ್ಲುಗಳಿಂದಲೇ ಅದಕ್ಕೆ ಕಟ್ಟೆ ಕಟ್ಟಿದರು, ಮೇಲೆ ಕೆಮ್ಮಣ್ಣು ಬಡಿದು ಮುಳ್ಳು ಮುಚ್ಚಿದರು. ಉಳಿದ ಗೊರಜಿನಲ್ಲಿ ಹುರುಳಿ ಬಿತ್ತಿದರು. ಸಿಕ್ಕಿದ್ದು ಮಂಕರಿಯ ತಳ ಮುಚ್ಚುವಷ್ಟು.

ನಿವೃತ್ತಳಾಗುವ ಹೊತ್ತಿಗೆ ನನ್ನ ಕೈಕೆಳಗೆ ಕಲಿಯಲು ಬಂದ ಹುಡುಗ ಹುಡುಗಿಯರಿಗೆ ನಾನು ಒಂದೇ ಮಾತು ಹೇಳುತ್ತಿದ್ದೆ. ಎಲ್ಲಿಂದ ತೆಗೆದರು ಎಂಬುದಕ್ಕೆ ಕಲ್ಲು ಕೆತ್ತಿಸುತ್ತಾರೆ. ಎಲ್ಲಿಗೆ ಹಾಕಿದರು ಎಂಬುದಕ್ಕೆ ಕೆತ್ತಿಸುವುದಿಲ್ಲ. ನೀವು ಎರಡನೆಯದನ್ನು ಕೇಳಿ, ಮುಖದ ಮೇಲೆ ಹೊಡೆದ ಹಾಗೆ ಕೇಳಿ, ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಅವರು ಇದನ್ನು ನನ್ನ ಸ್ವಂತ ಜ್ಞಾನ ಎಂದು ತಿಳಿದು ಬರೆದುಕೊಳ್ಳುತ್ತಿದ್ದರು. ನಾನು ಅದನ್ನು ಕಲಿತದ್ದು ಆ ದಿಣ್ಣೆಯ ಮೇಲೆ, ನಾಗಮಂಗಲ ಬಿಡುವ ಮುಂಚೆ ಕೊನೆಯ ಸಲ ಅಲ್ಲಿಗೆ ಹೋಗಿದ್ದಾಗ.

ಅಂದು ಇಟ್ಟಿಗೆ ಗೂಡಿನವನೊಬ್ಬ ಟ್ರಾಕ್ಟರು ತಂದು ನಿಲ್ಲಿಸಿದ್ದ. ಇಟ್ಟಿಗೆ ಕೊಯ್ಯಲು ಅಂಟು ಮಣ್ಣು ಬೇಕಿತ್ತು, ಮೂಲೆಯ ರಾಶಿಯ ಸುದ್ದಿ ಅವನ ಕಿವಿಗೆ ಬಿದ್ದಿತ್ತು. "ಸುಮ್ನೆ ಜಾಗ ತಿನ್ಕಂಡ್ ಬಿದ್ದದೆ ಕಣಕ್ಕ. ನಾನ್ ಪೂರಾ ಎತ್ಕಂಡೋಯ್ತೀನಿ, ನಿನ್ ಒಲ ನಿನಗ್ ಸಿಕ್ತದೆ," ಎಂದ. ಕೆಂಪಮ್ಮ ಆ ಮೂಲೆಯ ಕಡೆ ನೋಡಿದರು. ಆ ಹೊಲದಲ್ಲಿ ಅಷ್ಟು ಜಾಗ ಎಂದರೆ ಅವರಿಗೆ ಏನೆಂದು ನನಗೆ ಗೊತ್ತಿತ್ತು. ಕೊಡಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ.

"ಆ ಇಟ್ಗೆ ಯಾರ್ ಮನೆ ಗ್ವಾಡೆಗ್ ಓಯ್ತದೆ?" ಎಂದು ಕೆಂಪಮ್ಮ ಕೇಳಿದರು.

"ಯಾರ್ ಮನೆಗೋ. ಕೊಂಡ್ಕಂಡೋರ್ ಮನೆಗೆ. ಅದ್ಯಾಕಕ್ಕ ನಿನಗೆ?"

"ಯಾರ್ ಮನೆ ಅಂತ ಏಳು. ನಾನೇ ಓಗಿ ಅವ್ರ ಒಂದ್ ಮಾತ್ ಕೇಳ್ಕ ಬತ್ತೀನಿ. ಆಮೇಕ್ ನೀನ್ ಎತ್ಕಂಡೋಗು."

ಅವನು ನನ್ನ ಮುಖ ನೋಡಿದ, ಇವರಿಗೆ ತಲೆ ಸರಿಯಿದೆಯೇ ಎಂಬಂತೆ. ಆಮೇಲೆ ಟ್ರಾಕ್ಟರು ತಿರುಗಿಸಿಕೊಂಡು ಹೋದ. ಕೆಂಪಮ್ಮ ರಾಶಿಯ ಮೇಲಿಂದ ಗಾಳಿಗೆ ಸರಿದಿದ್ದ ಒಂದು ಮುಳ್ಳಿನ ಕೊಂಬೆಯನ್ನು ಎಳೆದು ಸರಿಮಾಡಿ ಹುರುಳಿಯ ಕಳೆ ಕೀಳಲು ಕೂತರು.